ಚಿರತಿ ಹಿಡಿದು ಎಲ್ಲಿ ಬಿಡೂದು?

ಬೀಳಗಿಯಿಂದ ಮಾತಾಡಾಕತ್ತೀನಿ. ‘ಚಿರತಿ ಬಂದೈತಿ’ ಅಂತ ವಾಟ್ಸ್ಆ್ಯಪ್‌ನ್ಯಾಗ ವಿಡಿಯೊ ಬಂತಂದ್ರ ನಮ್ಮ ಮಂದಿ ಮೊದಲ ಕೇಳೂದು ಬೋನು. ಹಿಡೀರಿ, ದೂರ ಒಯ್ದು ಬಿಡ್ರಿ. ದೂರ ಅಂದ್ರ ಎಲ್ಲಿ? ಅಲ್ಲೂ ಊರು ಇರ್ತಾವಲ್ರೀ.

ನಮ್ಮಂಗ ಕಬ್ಬು ಬೆಳೆಯುವ ಮಹಾರಾಷ್ಟ್ರದ ಜುನ್ನರ್‌ನಲ್ಲಿ 2001ರಿಂದ ಇದನ್ನೇ ಮಾಡಿದರು. 29 ಚಿರತೆಗಳನ್ನು ಸರಾಸರಿ 40 ಕಿ.ಮೀ. ಆಚೆಯ ಕಾಡಿಗೆ ಬಿಟ್ಟರು. ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಲೆಕ್ಕ ತೆಗೆದರು: ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ 17ಕ್ಕೆ ಏರಿತ್ತು. ನಾ ಬಿ.ಕಾಂ. ಓದಿದಾಂವ, ನನಗಿದು ಒಂದು ಖಾತೆಯ ಸಾಲ ಇನ್ನೊಂದಕ್ಕ ಬರೆದಂಗ ಕಾಣ್ತೈತಿ. ಅದೂ ಬಡ್ಡಿ ಸಮೇತ.

ಚಿರತೆಗೆ ಕಾಡೇ ಬೇಕಂತಿಲ್ಲ. ಆಳೆತ್ತರದ ಕಬ್ಬು, ನೀರು, ಊರ ನಾಯಿ ಇದ್ರ ಸಾಕು. ಮರಿ ಹಾಕೂದೂ ಅಲ್ಲೇ. ಈಗ ಕಟಾವು ಶುರುವಾಗೈತಿ. ಗ್ಯಾಂಗಿನವರಿಗೆ ಮರಿ ಕಂಡ್ರ ಎತ್ತಿ ಸೆಲ್ಫಿ ತಗೀಬ್ಯಾಡ್ರಿ, ಮನಿಗೆ ತರಬ್ಯಾಡ್ರಿ. ಕೆಲಸ ನಿಲ್ಲಿಸಿ ಅರಣ್ಯ ಇಲಾಖೆಗೆ ಫೋನ್ ಮಾಡ್ರಿ. ಜುನ್ನರ್ ಕಡೆ ಮರಿ ಸಿಕ್ಕ ಜಾಗದಾಗ ಸಂಜಿಗೆ ವಾಪಸ್ ಇಡ್ತಾರ. ರಾತ್ರಿ ತಾಯಿ ಬಂದು ಕಚ್ಚಿಕೊಂಡು ಒಯ್ತೈತಿ. ಮರಿ ಕಳಕೊಂಡ ತಾಯಿ ತಿರುಗೋ ಹೊಲಕ್ಕ ನೀರು ಹಾಯಿಸಾಕ ಹೋಗೋರು ನಮ್ಮವರೇ. ಅದೂ ರಾತ್ರಿ, ತ್ರೀ ಫೇಸ್ ಕರೆಂಟ್ ಬಂದಾಗ.