ಶಾಲು ಹೊದ್ದರೆ ಸಾಲದು, ಲೆಕ್ಕ ಕೇಳಬೇಕು

ಕನ್ನಡದ ತರುಣ ಮಿತ್ರರೇ,

ನವೆಂಬರ್ ಬಂತೆಂದರೆ ನಿಮ್ಮ ಹೆಗಲ ಮೇಲೆ ಹಳದಿ-ಕೆಂಪು ಶಾಲು ಬೀಳುತ್ತದೆ. ಆಟೋ ನಿಲ್ದಾಣದಲ್ಲಿ ಬಾವುಟ ಏರುತ್ತದೆ. ತಾಯಿ ಭುವನೇಶ್ವರಿಯ ಪಟಕ್ಕೆ ಹಾರ ಏರುತ್ತದೆ. ಸಂತೋಷ. ನಾನೂ ಆ ಮೆರವಣಿಗೆಯಲ್ಲಿ ಕುಣಿದವನೇ. ಆದರೆ ಇವತ್ತು ಒಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡಿ. ಆ ಭುವನೇಶ್ವರಿಯ ಗುಡಿ ಎಲ್ಲಿದೆ? ಸಿದ್ದಾಪುರ ತಾಲೂಕಿನ ಭುವನಗಿರಿಯಲ್ಲಿ. ಕದಂಬರು ಆಳಿದ ಬನವಾಸಿ ಎಲ್ಲಿದೆ? ಶಿರಸಿ ತಾಲೂಕಿನಲ್ಲಿ. ಕನ್ನಡದ ತವರು ಎಂದು ನಾವು ಎದೆ ತಟ್ಟಿ ಹೇಳುವ ಈ ನೆಲದಲ್ಲಿ ರಾತ್ರಿ ಎರಡು ಗಂಟೆಗೆ ಒಬ್ಬನಿಗೆ ಎದೆನೋವು ಬಂದರೆ ಏನು ಗತಿ? ಶಾಲು ಹೊದ್ದ ನಮ್ಮಲ್ಲಿ ಎಷ್ಟು ಮಂದಿ ಇದನ್ನು ಕೇಳಿದ್ದೇವೆ?

ನಾನು ಹೇಳುತ್ತೇನೆ ಕೇಳಿ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರು. ಸಿದ್ದಾಪುರದವರು ಜಿಲ್ಲಾ ಕೇಂದ್ರವಾದ ಕಾರವಾರಕ್ಕೆ ಹೋಗಬೇಕಾದರೆ ಘಟ್ಟ ಇಳಿದು ಸುಮಾರು 150 ಕಿಲೋಮೀಟರು. 2011ರ ಜನಗಣತಿಯಂತೆ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14 ಲಕ್ಷಕ್ಕೂ ಹೆಚ್ಚು. ಕಾರವಾರಕ್ಕೆ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಆದರೂ ಹೃದಯದ ತೊಂದರೆ, ತಲೆಗೆ ಪೆಟ್ಟು ಎಂದರೆ ಆಂಬುಲೆನ್ಸು ಹುಬ್ಬಳ್ಳಿ, ಮಣಿಪಾಲ, ಮಂಗಳೂರಿನ ದಾರಿ ಹಿಡಿಯುವುದು ತಪ್ಪಲಿಲ್ಲ. 2019ರಲ್ಲಿ ಈ ಜಿಲ್ಲೆಯ ಹುಡುಗರು ಟ್ವಿಟರ್‌ನಲ್ಲಿ ಕೂಗೆಬ್ಬಿಸಿದರು. ಭರವಸೆ ಸಿಕ್ಕಿತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸು ಬೈಂದೂರು ತಾಲೂಕಿನ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ಕು ಜನ ಸತ್ತರು. ಜಿಲ್ಲೆ ಮತ್ತೆ ಎದ್ದಿತು. ‘ಆಸ್ಪತ್ರೆ ಇಲ್ಲದಿದ್ದರೆ ಓಟಿಲ್ಲ’ ಎಂದಿತು. ಮತ್ತೆ ಭರವಸೆ ಸಿಕ್ಕಿತು.

ಮಿತ್ರರೇ, ಭರವಸೆಗೆ ರಶೀದಿ ಇರುವುದಿಲ್ಲ. ಅದೇ ನಮ್ಮ ರೋಗದ ಮೂಲ. ಆಸ್ಪತ್ರೆಗೆ ಕಟ್ಟಡ ಕಟ್ಟಿದರೆ ಗುದ್ದಲಿ ಪೂಜೆಗೆ ಒಂದು ಫೋಟೋ, ಉದ್ಘಾಟನೆಗೆ ಒಂದು ಫೋಟೋ. ಒಳಗೆ ತಜ್ಞ ವೈದ್ಯರ ಹುದ್ದೆ ಎಷ್ಟು ಮಂಜೂರಾಗಿದೆ, ಎಷ್ಟು ಭರ್ತಿಯಾಗಿದೆ, ಯಂತ್ರಕ್ಕೆ ಎಷ್ಟು ಹಣ ಬಂತು, ಯಂತ್ರ ನಡೆಸುವವನು ಇದ್ದಾನೋ ಇಲ್ಲವೋ, ಇದಕ್ಕೆ ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲ. ಕೇಳಬೇಕಾದದ್ದು ಮಾತ್ರ ಇದನ್ನೇ.

ಸಿದ್ದಾಪುರದ ಕಡೆ ಬನ್ನಿ. ಮಂಗನ ಕಾಯಿಲೆ ಎಂಬ ಹೆಸರು ಕೇಳಿದ್ದೀರಿ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ. ಕಾಡಿನ ಉಣುಗು ಕಚ್ಚಿ ಬರುತ್ತದೆ. ದರಕು ಗುಡಿಸಲು, ಸೊಪ್ಪು ತರಲು, ದನ ಅಟ್ಟಲು ಕಾಡಿಗೆ ಹೋಗುವ ಬಡವರಿಗೇ ಹೆಚ್ಚು ಬರುತ್ತದೆ. 2024ರ ಆರಂಭದಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಅದು ಮತ್ತೆ ಹಬ್ಬಿ ಜೀವ ತೆಗೆಯಿತು. ಆಗ ಜನರ ಕೈಯಲ್ಲಿ ಲಸಿಕೆಯೂ ಇರಲಿಲ್ಲ. ವರ್ಷಗಟ್ಟಲೆ ಕೊಡುತ್ತಿದ್ದ ಹಳೆಯ ಲಸಿಕೆಯಿಂದ ಪ್ರಯೋಜನ ಕಾಣದೆ 2022ರಲ್ಲಿ ನಿಲ್ಲಿಸಿಬಿಟ್ಟಿದ್ದರು. ಹೊಸದು ಕೈಗೆ ಬಂದಿರಲಿಲ್ಲ. ಉಳಿದದ್ದು ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ. ಈ ರೋಗ ಹೇಳದೆ ಕೇಳದೆ ಬರುವುದಲ್ಲ. ಚಳಿ ಶುರುವಾಗಿ ಬೇಸಿಗೆ ಮುಗಿಯುವವರೆಗೆ ಅದರ ಕಾಲ. ಆರು ದಶಕಗಳಿಂದ ಸರ್ಕಾರಕ್ಕೆ ಇದು ಗೊತ್ತು. ಎಣ್ಣೆ ಆಶಾ ಕಾರ್ಯಕರ್ತೆಯ ಕೈಗೆ ತಲುಪಬೇಕಾದದ್ದು ಕಾಯಿಲೆಗಿಂತ ಮೊದಲೋ, ಹೆಣ ಬಿದ್ದ ಮೇಲೋ? ಯಾವ ತಾರೀಕಿಗೆ ತಲುಪಿತು ಎಂಬ ಒಂದು ಸಾಲಿನ ಉತ್ತರ ಕೊಡಲು ಸರ್ಕಾರಕ್ಕೆ ಕಷ್ಟವೇನಿದೆ?

ಇನ್ನು ಯಲ್ಲಾಪುರ. 2021ರ ಜುಲೈ ಮಳೆ ನೆನಪಿದೆಯೇ? ಕಳಚೆಯಲ್ಲಿ ಗುಡ್ಡ ಕುಸಿದು ಅಡಿಕೆ ತೋಟಗಳು ಮಣ್ಣಿನಡಿ ಸೇರಿದವು. ಅರಬೈಲು ಘಟ್ಟದಲ್ಲಿ ಹೆದ್ದಾರಿ ಬಂದಾಯಿತು. ಗಂಗಾವಳಿ ಹೊಳೆಗೆ ಗುಳ್ಳಾಪುರದ ಸೇತುವೆ ಕೊಚ್ಚಿಹೋಗಿ ಆಚೆ ದಡದ ಹಳ್ಳಿಗಳು ದ್ವೀಪವಾದವು. ಆಗಷ್ಟೇ ಗಾದಿಗೆ ಬಂದಿದ್ದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಪ್ರಮಾಣ ವಚನದ ಮರುದಿನವೇ, ಜುಲೈ 29ರಂದು, ಜಿಲ್ಲೆಗೆ ಧಾವಿಸಿದರು. ಬಂದದ್ದು ಒಳ್ಳೆಯದೇ. ಆದರೆ ಮಂತ್ರಿಗಳ ಕಾರಿನ ಧೂಳು ಅಡಗಿದ ಮೇಲೆ ಏನಾಯಿತು? ಎಷ್ಟು ಹಣ ಘೋಷಣೆಯಾಯಿತು, ಎಷ್ಟು ಬಿಡುಗಡೆಯಾಯಿತು, ಎಷ್ಟು ಖರ್ಚಾಯಿತು? ಈ ಮೂರೂ ಬೇರೆ ಬೇರೆ ಅಂಕಿಗಳು ಸ್ವಾಮಿ. ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರುವುದು ಮೊದಲನೆಯದು. ಹೊಳೆಗೆ ಸೇತುವೆ ಹಾಕುವುದು ಮೂರನೆಯದು.

‘ಸರ್ಕಾರದ ಹತ್ತಿರ ದುಡ್ಡಿಲ್ಲ’ ಎಂದು ಯಾರಾದರೂ ಹೇಳಿದರೆ ಕೇಳಿ ಸುಮ್ಮನಾಗಬೇಡಿ. ರಾಜ್ಯದ ಒಬ್ಬೊಬ್ಬ ಶಾಸಕನಿಗೆ ಪ್ರದೇಶಾಭಿವೃದ್ಧಿ ನಿಧಿ ಎಂದು ವರ್ಷಕ್ಕೆ 2 ಕೋಟಿ ರೂಪಾಯಿ. ಸಂಸದನಿಗೆ ವರ್ಷಕ್ಕೆ 5 ಕೋಟಿ. ಇದು ಚಿಲ್ಲರೆ. ಇದರ ಮೇಲೆ ಲೋಕೋಪಯೋಗಿ, ಆರೋಗ್ಯ, ಶಿಕ್ಷಣ, ನೀರಾವರಿ, ಪಂಚಾಯತಿ, ಹಣಕಾಸು ಆಯೋಗ, ಹೀಗೆ ನೂರು ಕಾಲುವೆಯಲ್ಲಿ ಹಣ ಹರಿಯುತ್ತದೆ. ಅಂಗಡಿಯಲ್ಲಿ ಒಂದು ಸೋಪು ಕೊಂಡ ಕೂಲಿಯವಳೂ ತೆರಿಗೆ ಕಟ್ಟಿದ್ದಾಳೆ. ಅದು ಅವಳ ದುಡ್ಡು. ಯಾವ ಪುಢಾರಿಯ ಅಪ್ಪನ ಮನೆಯ ಗಂಟೂ ಅಲ್ಲ.

ಹಾಗಾದರೆ ಅವಳು ಯಾಕೆ ಲೆಕ್ಕ ಕೇಳುವುದಿಲ್ಲ? ನನ್ನ ಊರಿನ ಒಂದು ಸಂಗತಿ ಹೇಳುತ್ತೇನೆ. ನಮ್ಮ ಕೇರಿಯ ಮಕ್ಕಳು ಶಾಲೆಗೆ ಹೋಗಲು ಹಳ್ಳ ದಾಟಬೇಕು. ಅಡಿಕೆ ದಬ್ಬೆ ಕಟ್ಟಿದ ಸಂಕವೇ ಗತಿ. ಆಷಾಢದಲ್ಲಿ ತಾಯಂದಿರು ದಡದಲ್ಲಿ ನಿಂತು, ಮಗು ಆಚೆ ಮುಟ್ಟುವವರೆಗೆ ಉಸಿರು ಬಿಗಿಹಿಡಿಯುತ್ತಾರೆ. ಅಲ್ಲಿಗೆ ಸಿಮೆಂಟಿನ ಕಾಲುಸಂಕ ಮಂಜೂರಾಗಿದೆ ಎಂದು ಗಾಳಿಸುದ್ದಿ ಬಂತು. ನಾನು ಒಂದು ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಅರ್ಜಿ ಕನ್ನಡದಲ್ಲಿ, ಉತ್ತರ ಇಂಗ್ಲಿಷಿನಲ್ಲಿ! ಅಂದಾಜುಪಟ್ಟಿ, ಅಳತೆ ಪುಸ್ತಕ, ಬಿಲ್ಲು ಎಲ್ಲವೂ ಇಂಗ್ಲಿಷು. ಬಿ.ಎ. ಓದಿದ ನನಗೇ ಅರ್ಧ ತಿಳಿಯಲಿಲ್ಲ. ಡಿಪ್ಲೊಮಾ ಮಾಡಿದ ಗೆಳೆಯನೊಬ್ಬ ಕೂತು ಬಿಡಿಸಿ ಹೇಳಿದ. ಕೆಲಸ ಪೂರ್ಣಗೊಂಡಿದೆ, ಬಿಲ್ಲು ಪಾವತಿಯಾಗಿದೆ ಎಂದಿತ್ತು. ಅದನ್ನೆಲ್ಲ ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ ಗ್ರಾಮಸಭೆಯಲ್ಲಿ ಓದಿದೆ. ಹಿಂದೆ ಕೂತಿದ್ದ ಮುದುಕಿಯೊಬ್ಬಳು ಎದ್ದು ನಿಂತಳು: “ಹಂಗಾರೆ ತಮಾ, ನಮ್ಮ ಸಂಕ ಕಾಗದದ ಮೇಲೆ ಅದೆ, ಹಳ್ಳದ ಮೇಲೆ ಇಲ್ಲ!”

ಸಭೆಯಲ್ಲಿ ಯಾರೂ ನಗಲಿಲ್ಲ. ಮರುವಾರ ಎಂಜಿನಿಯರ್ ಬಂದು ಅಳತೆ ಮಾಡಿದ. ಮುಂದಿನ ಬೇಸಿಗೆಯಲ್ಲಿ ಸಂಕ ಆಯಿತು. ಮೊದಲ ಬಿಲ್ಲಿನ ದುಡ್ಡು ಎಲ್ಲಿ ಹೋಯಿತು ಎಂಬುದಕ್ಕೆ ಮಾತ್ರ ಇವತ್ತಿನವರೆಗೆ ಉತ್ತರ ಬಂದಿಲ್ಲ. ನಾನು ಕೇಳುವುದನ್ನೂ ಬಿಟ್ಟಿಲ್ಲ.

ಅವತ್ತು ನನಗೆ ಅರಿವಾದದ್ದು ಇಷ್ಟು. ಆ ಮುದುಕಿಗೆ ಬುದ್ಧಿ ಕಡಿಮೆ ಇರಲಿಲ್ಲ, ಧೈರ್ಯ ಕಡಿಮೆ ಇರಲಿಲ್ಲ. ಲೆಕ್ಕ ಅವಳ ಭಾಷೆಯಲ್ಲಿ ಇರಲಿಲ್ಲ, ಅಷ್ಟೆ. ಕನ್ನಡದಲ್ಲಿ ಓದಿದ ಐದು ನಿಮಿಷದಲ್ಲಿ ಕಳ್ಳತನ ಹಿಡಿದಳು. ಆಡಳಿತದಲ್ಲಿ ಕನ್ನಡ ಬೇಕು ಎಂದು ನಾವು ಬಾಯಿ ಬಡಿದುಕೊಳ್ಳುವುದು ಬರೀ ಅಭಿಮಾನಕ್ಕಲ್ಲ ಎಂದು ಅವಳು ತೋರಿಸಿಕೊಟ್ಟಳು. ಜನರಿಗೆ ತಿಳಿಯದ ನುಡಿಯಲ್ಲಿ ಬರೆದ ಲೆಕ್ಕ, ಬೀಗ ಹಾಕಿದ ಪೆಟ್ಟಿಗೆ ಇದ್ದಂತೆ.

ಕಾನೂನು ನಮ್ಮ ಪರವಾಗಿದೆ. 1963ರ ರಾಜಭಾಷಾ ಕಾಯಿದೆ ಕನ್ನಡವನ್ನು ಈ ರಾಜ್ಯದ ಆಡಳಿತ ಭಾಷೆ ಎಂದಿದೆ. 2005ರ ಮಾಹಿತಿ ಹಕ್ಕು ಕಾಯಿದೆಯ 6ನೇ ಕಲಮು ರಾಜ್ಯದ ಭಾಷೆಯಲ್ಲೇ ಅರ್ಜಿ ಬರೆಯಲು ಅವಕಾಶ ಕೊಟ್ಟಿದೆ. 4ನೇ ಕಲಮು, ಸರ್ಕಾರ ತಾನಾಗಿ ಪ್ರಕಟಿಸುವ ಮಾಹಿತಿಯಲ್ಲಿ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎನ್ನುತ್ತದೆ. ಶುಲ್ಕ 10 ರೂಪಾಯಿ. ಒಂದು ವಿಷಯ, 150 ಪದಗಳ ಒಳಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ ಹಾಕಿ. ಗ್ರಾಮ ಪಂಚಾಯತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಊರವರ ಎದುರೇ ಖರ್ಚಿನ ಪುಸ್ತಕ ಬಿಚ್ಚುವ ದಿನ ಅದು. ನಿಮ್ಮಲ್ಲಿ ಎಷ್ಟು ಮಂದಿ ಅದನ್ನು ಕಂಡಿದ್ದೀರಿ?

ಇನ್ನೊಂದು ಮಾತು. ತಾಲೂಕು, ಜಿಲ್ಲಾ ಪಂಚಾಯತಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಸದೆ ಅಧಿಕಾರಿಗಳ ಕೈಯಲ್ಲೇ ಆಡಳಿತ ಇಟ್ಟರು. ಪಕ್ಷ ಬದಲಾಯಿತು, ಚಾಳಿ ಬದಲಾಗಲಿಲ್ಲ. ಸಭೆಯಲ್ಲಿ ಮೇಜು ಕುಟ್ಟಿ ಕೇಳುವ ಸದಸ್ಯನೇ ಇಲ್ಲದಾಗ ಕೇಳುವ ಹೊಣೆ ನೇರವಾಗಿ ನಿಮ್ಮ ಹೆಗಲಿಗೆ ಬೀಳುತ್ತದೆ.

ಕೇಳಿದರೆ ಆಗುತ್ತದೆಯೇ ಎಂದು ಅನುಮಾನವೇ? ಈ ನೆಲದ ಚರಿತ್ರೆ ಓದಿ. 1930ರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲೆಯ ರೈತರು ಬ್ರಿಟಿಷರಿಗೆ ಕರ ಕೊಡುವುದಿಲ್ಲ ಎಂದರು. ಜಮೀನು ಜಪ್ತಿಯಾಯಿತು, ಪಾತ್ರೆ ಪಡಗ ಹೋಯಿತು, ಬಗ್ಗಲಿಲ್ಲ. 1981ರಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಕಾಲಕ್ಕೆ ಶಿರಸಿಯ ಅಡಿಕೆ ಬೆಳೆಗಾರರ ಸಹಕಾರಿ ಸಂಘ, ತೋಟಗಾರ್ಸ್ ಸೇಲ್ ಸೊಸೈಟಿ, ವಿಜ್ಞಾನಿಗಳನ್ನೂ ಎಂಜಿನಿಯರರನ್ನೂ ರೈತರನ್ನೂ ಒಂದೇ ಸಭೆಯಲ್ಲಿ ಕೂರಿಸಿತು. ಸರ್ಕಾರದ ಲಾಭ-ನಷ್ಟದ ಪಟ್ಟಿಯನ್ನು ಸಾಲುಸಾಲಾಗಿ ತಿದ್ದಿದರು. ಮುಳುಗುವ ಕಾಡು, ತೋಟಗಳ ಬೆಲೆ ಕೂಡಿಸಿ ತೋರಿಸಿದರು. ಯೋಜನೆ ಮೂಲೆ ಸೇರಿತು. ಕಲ್ಲು ತೂರಿ ಗೆದ್ದದ್ದಲ್ಲ ಅದು, ಕೂಡಿಸಿ ಕಳೆದು ಗೆದ್ದದ್ದು.

ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ, ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಇರುವ ಗೆಳೆಯರೇ, ಊರಲ್ಲಿ ಉಳಿದಿರುವವರು ನಿಮ್ಮ ವಯಸ್ಸಾದ ಅಪ್ಪ-ಅಮ್ಮ. ಆ ಇಂಗ್ಲಿಷ್ ಕಾಗದ ಓದುವ ಶಕ್ತಿ ಇರುವುದು ನಿಮಗೆ. ಮುಂದಿನ ಹಬ್ಬಕ್ಕೆ ಊರಿನ ಬಸ್ಸು ಹತ್ತುವಾಗ ಚೀಲದಲ್ಲಿ ಒಂದು ಅರ್ಜಿ ಇರಲಿ. ಶಿರಸಿಯವನು ಆಸ್ಪತ್ರೆಯ ಖಾಲಿ ಹುದ್ದೆ ಕೇಳಲಿ. ಸಿದ್ದಾಪುರದವಳು ಎಣ್ಣೆ ತಲುಪಿದ ತಾರೀಕು ಕೇಳಲಿ. ಯಲ್ಲಾಪುರದವನು 2021ರ ಪರಿಹಾರ ಕಾಮಗಾರಿಯ ಖರ್ಚು ಕೇಳಲಿ. ಬಂದ ಉತ್ತರವನ್ನು ಕನ್ನಡದಲ್ಲಿ ಬರೆದು ಬಸ್‌ಸ್ಟ್ಯಾಂಡಿನ ಗೋಡೆಗೆ, ಸೊಸೈಟಿಯ ಬಾಗಿಲಿಗೆ ಅಂಟಿಸಿ. ಪ್ರತಿ ಕಾಮಗಾರಿಯ ಎದುರು ಮೊತ್ತ, ಗುತ್ತಿಗೆದಾರ, ಮುಗಿಯುವ ತಾರೀಕು ಇರುವ ಕನ್ನಡದ ಫಲಕ ನೆಡುವವರೆಗೆ ಬಿಡಬೇಡಿ.

ಮುಂದಿನ ನವೆಂಬರಿಗೆ ನೀವು ಶಾಲು ಹೊದ್ದು ಬಂದಾಗ ನಾನು ಒಂದೇ ಮಾತು ಕೇಳುತ್ತೇನೆ: ಅರ್ಜಿ ಹಾಕಿದಿರಾ? ಹಾಕಿದವರು ಮೆರವಣಿಗೆಯ ಮುಂದಿನ ಸಾಲಿಗೆ ಬನ್ನಿ.