ಗೊರಕೆ ನಿಂತ ಮೇಲಿನ ಪರೀಕ್ಷೆ



ನನ್ನದೇ ಒಂದು ತಪ್ಪಿನಿಂದ ಮಾತು ಶುರು ಮಾಡುತ್ತೇನೆ. ಹಲವು ವರ್ಷಗಳ ಹಿಂದೆ ಒಬ್ಬ ಲಾರಿ ಚಾಲಕರು ಹೆಂಡತಿಯ ಜೊತೆ ನನ್ನಲ್ಲಿಗೆ ಬಂದರು. ಸ್ಲೀಪ್ ಸ್ಟಡಿಯ ವರದಿ ಕೈಯಲ್ಲೇ ಇತ್ತು. ನಿದ್ದೆಯಲ್ಲಿ ಗಂಟೆಗೆ 46 ಸಲ ಉಸಿರು ನಿಲ್ಲುತ್ತಿತ್ತು ಅಥವಾ ಕುಗ್ಗುತ್ತಿತ್ತು. 30 ದಾಟಿದರೆ ನಾವು ತೀವ್ರ ಎನ್ನುತ್ತೇವೆ. ಮಾಸ್ಕಿನ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ, ಸಾಲ ಮಾಡಿ ಕೊಂಡ ಸಿಪ್ಯಾಪ್ ಯಂತ್ರ ಮನೆಯ ಬೀರುವಿನ ಮೇಲೆ ಟವೆಲ್ ಹೊದ್ದು ಕುಳಿತಿತ್ತು. “ಮಾಸ್ಕ್ ಹಾಕಿದ್ರೆ ಎದೆ ಕಟ್ಟಿದ ಹಾಗಾಗುತ್ತೆ ಸಾರ್. ಲಾರೀಲಿ ಮಲಗೋನು ಕರೆಂಟ್ ಎಲ್ಲಿಂದ ತರ್ಲಿ?” ಎಂದರು. ಅಚ್ಚು ತೆಗೆದು, ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಕ್ಲಿಪ್ ಮಾಡಿಕೊಟ್ಟೆ. ತಿಂಗಳು ಕಳೆದು ಬಂದಾಗ ಆ ತಾಯಿ, “ಗೊರಕೆ ನಿಂತೇ ಹೋಯ್ತು ಸಾರ್, ಮಕ್ಕಳೂ ನೆಮ್ಮದಿಯಾಗಿ ಮಲಗ್ತಾವೆ” ಎಂದು ಕೈಮುಗಿದರು. ನಾನೂ ಸಂತೋಷಪಟ್ಟು ಫೈಲ್ ಮುಚ್ಚಿದೆ.

ಎಂಟು ತಿಂಗಳ ಮೇಲೆ ಅವರು ಮರಳಿ ಬಂದರು. ಸ್ಟೀರಿಂಗ್ ಹಿಡಿದಾಗ ಈಗಲೂ ಕಣ್ಣು ಎಳೆಯುತ್ತಿತ್ತು. ಕ್ಲಿಪ್ ಹಾಕಿಸಿಯೇ ಮಲಗಿಸಿ ಪರೀಕ್ಷೆ ಮಾಡಿದೆವು. ಗಂಟೆಗೆ 28. ಸದ್ದು ಅಡಗಿತ್ತು, ರೋಗ ಉಳಿದಿತ್ತು. ಆ ಎಂಟು ತಿಂಗಳು ಹೆದ್ದಾರಿಯಲ್ಲಿ ಏನೂ ಆಗದೆ ಉಳಿದದ್ದು ಅವರ ಪುಣ್ಯ. ಅದರಲ್ಲಿ ವೈದ್ಯನಾದ ನನ್ನ ಪಾಲು ಇರಲಿಲ್ಲ.

ದವಡೆ ಮುಂದೆ ಬಂದರೆ ನಾಲಗೆಯ ಬುಡವೂ ಜೊತೆಗೆ ಬರುತ್ತದೆ ಎಂಬುದು ಹಳೆಯ ತಿಳಿವಳಿಕೆ. ಫ್ರಾನ್ಸಿನ ಪಿಯರ್ ರೋಬಿನ್ 1902ರಲ್ಲೇ ಮಾನೋಬ್ಲಾಕ್ ಎಂಬ ಸಾಧನವನ್ನು ವಿವರಿಸಿದ್ದರು. ಸಿಡ್ನಿಯ ಕಾಲಿನ್ ಸಲಿವನ್ ಸಿಪ್ಯಾಪ್ ಬಗ್ಗೆ ಪ್ರಕಟಿಸಿದ್ದು 1981ರಲ್ಲಿ. ಮರುವರ್ಷವೇ ಅಮೆರಿಕದಲ್ಲಿ ಕಾರ್ಟ್‌ರೈಟ್ ಮತ್ತು ಸ್ಯಾಮೆಲ್ಸನ್ ನಾಲಗೆಯನ್ನೇ ಮುಂದೆ ಹಿಡಿಯುವ ಸಾಧನದ ವರದಿ ಕೊಟ್ಟರು. ಇವತ್ತಿಗೂ ತೀವ್ರ ರೋಗಕ್ಕೆ ಮೊದಲ ಆಯ್ಕೆ ಸಿಪ್ಯಾಪೇ. ಆ ವಿಷಯದಲ್ಲಿ ನನಗೆ ಅನುಮಾನವಿಲ್ಲ, ಈ ಸಭೆಯಿಂದ ಬೇರೆ ಸಂದೇಶ ಹೋಗುವುದೂ ಬೇಡ.

ಆದರೆ ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ಚಾಲಕರು ಆರು ಗಂಟೆ ಮಲಗುತ್ತಾರೆ. ಸಿಪ್ಯಾಪ್ ಹಾಕಿದಷ್ಟು ಹೊತ್ತು ಒಂದೂ ತಡೆ ಇಲ್ಲ ಎಂದೇ ಇಟ್ಟುಕೊಳ್ಳಿ. ಮೂರು ಗಂಟೆ ಕಳೆದ ಮೇಲೆ ಮಾಸ್ಕ್ ಕಿತ್ತು ಪಕ್ಕಕ್ಕಿಟ್ಟರೆ ಉಳಿದ ಮೂರು ಗಂಟೆಯಲ್ಲಿ 138 ಸಲ ಉಸಿರು ತಡೆಯುತ್ತದೆ. ಕ್ಲಿಪ್ ರೋಗವನ್ನು ಅರ್ಧಕ್ಕಷ್ಟೇ ಇಳಿಸುತ್ತದೆ, ಆದರೆ ಬೆಳಗಿನವರೆಗೂ ಬಾಯಲ್ಲಿರುತ್ತದೆ ಎಂದುಕೊಳ್ಳಿ. ಆಗಲೂ 138. 2013ರಲ್ಲಿ ಸಿಡ್ನಿಯ ಕ್ರೇಗ್ ಫಿಲಿಪ್ಸ್ ಮತ್ತು ಪೀಟರ್ ಸಿಸ್ಟುಲಿ ಅವರ ತಂಡ ಇಂಥದ್ದೇ ಪ್ರಶ್ನೆಯನ್ನು 126 ರೋಗಿಗಳಲ್ಲಿ ಪರೀಕ್ಷಿಸಿತು. ಅವರಲ್ಲಿ ಬಹುಪಾಲು ಮಧ್ಯಮ ಮತ್ತು ತೀವ್ರ ರೋಗದವರು. ಉಸಿರು ತಡೆ ಇಳಿಸುವುದರಲ್ಲಿ ಯಂತ್ರ ಸ್ಪಷ್ಟವಾಗಿ ಮುಂದಿತ್ತು: ಗಂಟೆಗೆ 4.5, ಕ್ಲಿಪ್ಪಿನಲ್ಲಿ 11.1. ಬಳಕೆಯಲ್ಲಿ ಮಾತ್ರ ಕ್ಲಿಪ್ 6.5 ಗಂಟೆ, ಯಂತ್ರ 5.2 ಗಂಟೆ. ಒಂದು ತಿಂಗಳ ಕೊನೆಗೆ 24 ಗಂಟೆಗಳ ಸರಾಸರಿ ರಕ್ತದೊತ್ತಡದಲ್ಲಿ ಯಂತ್ರದ ಮೇಲುಗೈ ಕಾಣಲಿಲ್ಲ. ಒಂದು ತಿಂಗಳು ಅಂದರೆ ಹೃದಯದ ಮೇಲಿನ ಪರಿಣಾಮ ತಿಳಿಯಲು ಸಾಲದ ಅವಧಿ, ಅದನ್ನು ಮರೆಯಬಾರದು. ಸಿಪ್ಯಾಪ್ ಒಗ್ಗದವರಿಗೆ, ಒಲ್ಲದವರಿಗೆ ಕ್ಲಿಪ್ ಕೊಡಿ ಎಂದು ಅಮೆರಿಕದ ನಿದ್ರಾ ವೈದ್ಯಕೀಯ ಮತ್ತು ದಂತ ನಿದ್ರಾ ವೈದ್ಯಕೀಯ ಅಕಾಡೆಮಿಗಳು 2015ರಲ್ಲಿ ಜಂಟಿಯಾಗಿ ಹೇಳಿದವು. ಕೊಟ್ಟ ಮೇಲೆ ಮತ್ತೆ ಸ್ಲೀಪ್ ಸ್ಟಡಿ ಮಾಡಿ ಎಂದೂ ಅದೇ ಮಾರ್ಗಸೂಚಿಯಲ್ಲಿದೆ. ಈ ಎರಡನೆಯ ಮಾತನ್ನೇ ನಾನು ಆವತ್ತು ಪಾಲಿಸದೇ ಹೋದದ್ದು.

ನಮ್ಮ ಕಡೆಯ ಒಂದು ತೊಡಕು ಇಂಥ ಮಾರ್ಗಸೂಚಿಗಳಲ್ಲಿ ಅಷ್ಟಾಗಿ ಬರುವುದಿಲ್ಲ. ಅಡಿಕೆ, ಗುಟ್ಕಾ ಜಗಿದು ಕೆನ್ನೆಯ ಒಳಪದರ ಗಟ್ಟಿಯಾದವರ ಬಾಯಿ ಎರಡು ಬೆರಳಿನಷ್ಟೂ ತೆರೆಯದಿರಬಹುದು. ಅಚ್ಚಿನ ಟ್ರೇ ಒಳಗೆ ಹೋಗುವುದೇ ಕಷ್ಟ, ದವಡೆಯನ್ನು ಮುಂದೆ ತರುವುದು ಆಮೇಲಿನ ಮಾತು. ರಾತ್ರಿಯಿಡೀ ನಿದ್ದೆಗೆಟ್ಟು ದುಡಿಯುವವರಲ್ಲೇ ಈ ಚಟ ಹೆಚ್ಚು ಎಂಬುದು ನಾನು ಕಂಡದ್ದು. ಒಸಡು ಸಡಿಲವಾಗಿ ಹಲ್ಲು ಅಲುಗುತ್ತಿದ್ದರೆ ಕ್ಲಿಪ್ಪಿಗೆ ಆಧಾರವೇ ಇರುವುದಿಲ್ಲ. ಹೀಗಿರುವಾಗ ಗೊರಕೆಯ ದೂರು ಬಂದ ದಿನವೇ ಬಾಯಿ ತೆರೆಸಿ ನೋಡುವ ಶ್ವಾಸಕೋಶ ತಜ್ಞರು ನಮಗೆ ಬೇಕು, ಹಾಗೆಯೇ ನಿದ್ದೆಯ ವರದಿ ಕೇಳದೆ ಅಚ್ಚು ತೆಗೆಯದ ದಂತವೈದ್ಯರು ಬೇಕು. ಕ್ಲಿಪ್ಪಿನಿಂದಾಗುವ ಜೊಲ್ಲು, ದವಡೆಯ ಕೀಲುನೋವು, ವರ್ಷಗಳಲ್ಲಿ ಹಲ್ಲಿನ ಕಚ್ಚುವಿಕೆ ಬದಲಾಗುವುದು, ಇವುಗಳ ಬಗ್ಗೆ ನಾಳೆಯ ಗೋಷ್ಠಿಯಿದೆ.

ನಮ್ಮ ಲಾರಿ ಚಾಲಕರ ದವಡೆಯನ್ನು ಆ ಎರಡನೆಯ ಪರೀಕ್ಷೆಯ ಬಳಿಕ ಕೆಲವು ವಾರ ಸ್ವಲ್ಪಸ್ವಲ್ಪವೇ ಮುಂದಕ್ಕೆ ತಂದೆವು. ಮಗ್ಗುಲಾಗಿ ಮಲಗುವುದನ್ನು ಅಭ್ಯಾಸ ಮಾಡಿಸಿದೆವು. ಶ್ವಾಸಕೋಶದ ಸಹೋದ್ಯೋಗಿಯೊಬ್ಬರು ಬೇರೆ ಬಗೆಯ ಮಾಸ್ಕ್ ಹುಡುಕಿಕೊಟ್ಟರು. ಮನೆಯಲ್ಲಿದ್ದಾಗ ಯಂತ್ರ, ರಸ್ತೆಯಲ್ಲಿದ್ದಾಗ ಕ್ಲಿಪ್. ಮುಂದಿನ ಪರೀಕ್ಷೆಯಲ್ಲಿ ಕ್ಲಿಪ್ಪಿನೊಂದಿಗೆ ಗಂಟೆಗೆ 12 ಬಂತು.

ಎರಡನೆಯ ಪರೀಕ್ಷೆಯ ಹಣ ಎಲ್ಲಿಂದ ಬರಬೇಕು ಎಂದು ನೀವು ಕೇಳುತ್ತೀರಿ, ಕೇಳಲೇಬೇಕು. ಅವತ್ತಿನಿಂದ ನಾನು ಕ್ಲಿಪ್ಪಿನ ದರ ಹೇಳುವಾಗಲೇ ಆ ಪರೀಕ್ಷೆಯ ಖರ್ಚನ್ನೂ ಸೇರಿಸಿ ಹೇಳುತ್ತೇನೆ. ಕೆಲವರು ದುಬಾರಿಯಾಯಿತೆಂದು ಎದ್ದು ಹೋಗುತ್ತಾರೆ. ಅವರನ್ನು ಹೇಗೆ ಉಳಿಸಿಕೊಳ್ಳಬೇಕೆಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮನೆಯಲ್ಲೇ ಮಾಡುವ ಪರೀಕ್ಷೆಯ ಯಂತ್ರಗಳನ್ನು ಆಸ್ಪತ್ರೆಗಳು ಹಂಚಿಕೊಂಡು ಬಳಸಬಹುದೇ? ಮಧ್ಯಾಹ್ನದ ಚರ್ಚೆಯನ್ನು ದಯವಿಟ್ಟು ಈ ಪ್ರಶ್ನೆಯಿಂದಲೇ ಆರಂಭಿಸಿ.