ಒಂದು ತಂತಿ, ಹಲವು ತರಂಗ

ಪೇಟೆಯ ಹವ್ಯಾಸಿ ಬಾನುಲಿಗನನ್ನು ಮೊದಲು ಕಾಡುವುದು ಜಾಗದ ಕೊರತೆ. 80 ಮೀಟರ್ ತರಂಗಕ್ಕೆ ಒಪ್ಪುವ ಅರ್ಧತರಂಗದ ಆಂಟೆನಾ ಸುಮಾರು 40 ಮೀಟರ್ ಉದ್ದವಿರಬೇಕು. ನಮ್ಮ ತಾರಸಿಗಳಲ್ಲಿ 12 ಮೀಟರ್ ಸಿಕ್ಕರೆ ಅದೇ ಭಾಗ್ಯ. ಆ ಗಿಡ್ಡ ತಂತಿಯೊಂದರಿಂದಲೇ 80, 40, 20 ಮೀಟರುಗಳಲ್ಲಿ ಮಾತಾಡಲು ಸಾಧ್ಯವೆ? ಸಾಧ್ಯವೆಂದೇ ನನ್ನ ಉತ್ತರ. ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಉಂಟು.

ತಂತಿಯ ಉದ್ದ ಅರ್ಧತರಂಗಕ್ಕೆ ಸಮನಾದರೆ, ನಾವು ಶಕ್ತಿ ಊಡುವ ತುದಿಯಲ್ಲೇ ವಿದ್ಯುದೊತ್ತಡ ವಿಪರೀತ ಏರುತ್ತದೆ. ತಂತಿಯನ್ನು ಪ್ರೇಷಕಯಂತ್ರಕ್ಕೆ ಹೊಂದಿಸುವ ಟ್ಯೂನರ್ ಸೋಲುತ್ತದೆ. 20 ಮೀಟರ್ ತರಂಗಕ್ಕೆ 10 ಮೀಟರ್ ತಂತಿ ಇಂಥದು. ಆದುದರಿಂದ ಹನ್ನೆರಡೂವರೆ ಮೀಟರ್ ಲೇಸು.

80 ಮೀಟರಿನಲ್ಲಿ ಸಂಕಟವೇ ಬೇರೆ. ಅಲ್ಲಿ ಈ ತಂತಿ ತೀರ ಗಿಡ್ಡ. ಅದರ ಪ್ರಸರಣರೋಧ 10 ಓಮ್, ನೆಲದ ರೋಧ 30 ಓಮ್ ಎನ್ನೋಣ. ಆಗ 100 ವಾಟ್ ಊಡಿದರೆ 25 ಆಕಾಶಕ್ಕೆ, 75 ಮಣ್ಣಿಗೆ. ಮಾಪಕದ ಮುಳ್ಳು ಮಾತ್ರ ಎಲ್ಲವೂ ಸರಿಯಿದೆಯೆಂದೇ ತೋರುತ್ತದೆ. ಮುಳ್ಳನ್ನು ನಂಬಿ ಕೂರದೆ ತಾರಸಿಯ ಮೇಲೆ ನಾಲ್ಕಾರು ತಂತಿ ಹಾಸಿರಿ. ನೆಲಕ್ಕೆ ಹೋಗುವ ಪಾಲು ತಗ್ಗುತ್ತದೆ.

ಉಳಿದ 25 ವಾಟನ್ನೂ ಹಗುರಾಗಿ ಕಾಣಬೇಡಿ. 2004ರ ಸುನಾಮಿಯಲ್ಲಿ ದೂರವಾಣಿ ಕೆಟ್ಟಾಗ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದವರಲ್ಲಿ ಹವ್ಯಾಸಿಗಳೂ ಇದ್ದರು. ಅಂಥ ಹೊತ್ತಿನಲ್ಲಿ ಕ್ಷೀಣ ದನಿಯೂ ದೊಡ್ಡದೇ.